ಇನ್ನೂರು ಕುರ್ಚಿಗೆ ಎಷ್ಟು ಮಾರ್ಕ್ಸು

...ಎಂಟು! ಹತ್ತಕ್ಕೆ ಎಂಟು. ಅದರ ಮೇಲೆ ಒಂದು ಕಾಳೂ ಕೊಡಲ್ಲ. ಹಾಡಿದವನು ನೀನೇ ಇರಬಹುದು ಅಶ್ವಿನ್, ನನ್ನ ಜೀಪಿನ ಮುಂದಿನ ಸೀಟಲ್ಲೇ ಕೂತಿರಬಹುದು. ಸೀಟು ಸ್ನೇಹಕ್ಕೆ ಕೊಟ್ಟಿದ್ದು. ಮಾರ್ಕ್ಸು ಕಿವಿ ಕೊಡೋದು. ಆ ಬಾಗಿಲು ಹಾಗೆ ಎಳೆದ್ರೆ ಬೀಳಲ್ಲ ಮಾರಾಯ... ಸ್ವಲ್ಪ ಎತ್ತಿ ಎಳಿ... ಹಾಂ, ಬಿತ್ತು.

ಯಾಕೆ ನಗ್ತೀಯಾ? ಕೇಳಿದ್ದು ನೀನು! ಒಂಬತ್ತು ವರ್ಷ ಈ ಕಡೆ ತಲೆ ಹಾಕದೆ, ಇವತ್ತು ಬೆಳಿಗ್ಗೆ ಬಣಕಲ್ಲಲ್ಲಿ ಬಸ್ ಇಳಿದು, 'ದಾಸಯ್ಯ, ನನ್ನ ಐದು ಕ್ಯಾಸೆಟ್ಟನ್ನೂ ಸೇರಿಸಿ ಸಿ.ಡಿ. ಮಾಡ್ತಾರಂತೆ, ಯಾವುದು ಇಡಲಿ, ಯಾವುದು ಬಿಡಲಿ, ನೀನೇ ಹೇಳು' ಅಂದೋನು ನೀನು. ನಾನೇನು ಪೇಪರಿನವನಾ? ಬಾಳೂರು, ಕಳಸ ಅಂತ ಜನ ತುಂಬ್ಕೊಂಡು ಓಡಾಡೋ ಜೀಪ್ ಡ್ರೈವರು, ಇವತ್ತು ಕಳಸದ ತನಕ ನಿನ್ನೊಬ್ಬನನ್ನೇ ಹತ್ತಿಸ್ಕೊಂಡು ಹೊರಟಿದ್ದೀನಿ. ಆದ್ರೆ ಒಂದು ಮಾತು. ಬೆಂಗಳೂರಲ್ಲಿ ನಿನಗೆ ಎಷ್ಟು ಫ್ಯಾನ್ ಇದ್ದಾರೋ ಗೊತ್ತಿಲ್ಲ, ಐದೂ ಕ್ಯಾಸೆಟ್ಟನ್ನ ರೀಲು ಹರಿಯೋ ತನಕ ಕೇಳಿ, ಹರಿದ ಮೇಲೆ ಉಗುರಿಗೆ ಹಚ್ಚೋ ಪಾಲಿಶ್‌ನಲ್ಲಿ ಅಂಟಿಸಿ ಮತ್ತೆ ಕೇಳಿದವನು ಭೂಮಿ ಮೇಲೆ ನಾನೊಬ್ಬನೇ. ಬೇಕಾದ್ರೆ ನನ್ನ ಹೆಂಡ್ತಿ ಕುಸುಮಾನ್ನ ಕೇಳು. ಅವಳ ಪಾಲಿಶ್ ಮೂರು ಬಾಟ್ಲಿ ಖಾಲಿ. ...ಸರಿ, ಒಂದು ಬಾಟ್ಲಿ.

'ಮಂಜಿನ ಹೆಡ್‌ಲೈಟ್'. ತೊಂಬತ್ತೆರಡು. ನಿನ್ನ ಮೊದಲನೇದು. ಬಣಕಲ್ ಬಿಡುವಾಗ ಹಾಕಿದ್ರೆ ಕೊಟ್ಟಿಗೆಹಾರದಲ್ಲಿ ಒಂದು ಸೈಡು ಮುಗೀತದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ. ಗಿಟಾರು ಶುರುವಾಗೋದೇ ಸೆಕೆಂಡ್ ಗೇರ್ ಬಿದ್ದ ಹಾಗೆ, ಕರ್ರ್ ಅಂತ! 'ಹೆಡ್‌ಲೈಟಿಗೆ ಮಂಜು ಸಿಕ್ತು, ಮಂಜಿಗೆ ದಾರಿ ಸಿಗಲಿಲ್ಲ'... ಏನು ಕೂಗ್ತೀಯಾ ಮಾರಾಯ ಅದರಲ್ಲಿ! ಹಿಂದೆ ಕೂತ ಮುದುಕಿಯರು 'ಯಾರಿಗೋ ಹೊಟ್ಟೆನೋವು, ನಿಲ್ಲಿಸಿ ನೋಡು ದಾಸಯ್ಯ' ಅಂತಿದ್ರು. ಎರಡು ಮಾರ್ಕ್ಸು ಹೋಗಿದ್ದು ಕೊಳಲಿಗೆ. ರಾಕ್ ಅಂತೀಯ, ನಡುವೆ ಕೊಳಲು ತುರುಕ್ತೀಯ. ಜೀಪಿಗೆ ಯಾರಾದ್ರೂ ಸೈಕಲ್ ಬೆಲ್ ಹಾಕಿಸ್ತಾರಾ?

ಆಮೇಲೆ 'ಜಿಗಣೆ'. ತೊಂಬತ್ನಾಲ್ಕು. ಒಂಬತ್ತೂವರೆ! ಜಿಗಣೆ ಹೆಂಗೆ? ಹತ್ತಿದ್ದು ಗೊತ್ತಾಗಲ್ಲ. ಮನೆಗೆ ಬಂದು ಸಾಕ್ಸ್ ಬಿಚ್ಚಿದ್ರೆ ರಕ್ತ. ಆ ಹಾಡುಗಳೂ ಹಾಗೇ, ಕೇಳಿ ಮೂರು ದಿನ ಆದ್ಮೇಲೆ ತಲೆಯೊಳಗೆ ತುರಿಸ್ತವೆ. ಕಾಫೀಲಿ ಪೀಬೆರ್ರಿ ಬರ್ತದಲ್ಲ, ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡು ಬೀಜ, ಹೆಕ್ಕಿ ಬೇರೆ ಇಡೋದು... ಅದು ಅದು. ಅರ್ಧ ಮಾರ್ಕ್ಸು ಕಟ್ ಮಾಡಿದ್ದು ನಿನಗೆ ಕೊಬ್ಬು ಬರಬಾರದು ಅಂತ. ನಮ್ಮ ದೊಡ್ಡ ತೋಟದ ಮಂಜಯ್ಯನವರ ಮಗಳ ಮದುವೇಲಿ ನಾನು ವಾಲಗದ ಕ್ಯಾಸೆಟ್ ಡಬ್ಬಿಯೊಳಗೆ 'ಜಿಗಣೆ' ಇಟ್ಟು ಮೈಕಿನವನಿಗೆ ಕೊಟ್ಟೆ ನೋಡು, ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೆ 'ರಕ್ತಾ ರಕ್ತಾ' ಅಂತ ನೀನು... ಸುಳ್ಳಾ? ಸರಿ, ತಾಳಿ ಹೊತ್ತಿಗಲ್ಲ, ಊಟದ ಹೊತ್ತಿಗೆ. ...ಆಯ್ತು ಮಾರಾಯ, ಮೈಕಿನವನು ಹಾಕೋ ಮೊದಲೇ ನೋಡಿ ನನ್ನ ಕೈಗೆ ವಾಪಸ್ ಕೊಟ್ಟ. ಹಾಲಿಗೆ ನೀರು ಹಾಕದೆ ಯಾರು ಕಾಫಿ ಮಾಡ್ತಾರೆ, ಕಥೆಗೆ ಮಾತ್ರ ಯಾಕೆ ಕೇಳ್ತೀಯ?

ತಡಿ. ಆ ಗುಡ್ಡದ ತಲೆ ಮೇಲೆ ಮೋಡ ನೋಡಿದ್ಯಾ? ಬಿಳಿದಾ, ಕಪ್ಪಾ? ...ಬಿಳಿ ತಾನೇ? ನಗಬೇಡ. ನಿನಗೆ ಬೆಂಗಳೂರು ಹತ್ತಿದೆ, ಮರೆತಿದ್ದೀಯ. ಫೆಬ್ರವರಿ ಇದು! ಒಂದೂವರೆ ಎಕರೆ ಕಾಫಿ ಪೂರ್ತಿ ಕಣದಲ್ಲಿ ಹರಡಿ ಬಂದಿದ್ದೀನಿ. ಒಣಗೋ ಕಾಫಿಗೆ ಒಂದು ಮಳೆ ಬಿದ್ರೆ ಮುಗೀತು, ಬೂಸಲು, ವಾಸನೆ. ವರ್ಷದ ಅನ್ನ ಅದು. ಕರವಸ್ತ್ರದಷ್ಟು ಮೋಡ ಕಂಡ್ರೆ ಸಾಕು, ಎಲ್ಲಿದ್ದೀನೋ ಅಲ್ಲಿಂದ ಜೀಪು ತಿರುಗಿಸಿ ಮನೆಗೆ ಓಡೋನು ನಾನು. ಒಂದ್ಸಲ ಪಕ್ಕದ ತೋಟದ ಗುರುವಯ್ಯನವರನ್ನ ಜ್ವರ ಅಂತ ಆಸ್ಪತ್ರೆಗೆ ಕರ್ಕೊಂಡು ಹೊರಟವನು ಸೀದಾ ನಮ್ಮ ಕಣಕ್ಕೇ ಕರ್ಕೊಂಡು ಹೋಗಿ ಟಾರ್ಪಾಲಿನ ಆ ತುದಿ ಹಿಡಿಸಿದೆ. ಜ್ವರ ಅಲ್ಲೇ ಬಿಟ್ಟಿತು. ಈ ಒಂದು ವಿಷಯದಲ್ಲಿ ದಾಸಯ್ಯನಿಗೆ ತಮಾಷೆ ಇಲ್ಲ. ಹದಿನೈದು ವರ್ಷದಲ್ಲಿ ಒಂದೇ ಒಂದು ದಿನ ಉದಾಸೀನ ಮಾಡಿದವನಲ್ಲ.

ಹಾಂ, ಆಮೇಲಿನದ್ದು 'ಬಾಗಿಲು'. ತೊಂಬತ್ತೊಂಬತ್ತು. ಅದಕ್ಕೆ... ಏನು? ನಡುವೆ ಒಂದು ಇದೆಯಾ?

ಓ... 'ಇನ್ನೂರು ಕುರ್ಚಿ'.

ಅದನ್ನ ಬಿಡು. ಅದಕ್ಕೆ ಮಾರ್ಕ್ಸೂ ಇಲ್ಲ, ಸಿ.ಡಿ.ಗೂ ಹಾಕಬೇಡ. ಯಾಕೆ ಅಂದ್ರೆ? ತನ್ನ ಊರಲ್ಲೇ, ಬಣಕಲ್ ಹಾಲಲ್ಲೇ, ಹಾಡ್ತಾ ಹಾಡ್ತಾ ಇದ್ದಾಗ ಇನ್ನೂರು ಜನ ಎದ್ದು ಹೋದ ಸದ್ದನ್ನ ಯಾರಾದ್ರೂ ಕ್ಯಾಸೆಟ್ ಮಾಡಿ ಮಾರ್ತಾರಾ? ನೀನು ಹಟಕ್ಕೆ ಬಿದ್ದು ಮಾರಿದೆ. ಲೈವ್ ಅಂತೆ. ಅದರಲ್ಲಿ ಲೈವ್ ಆಗಿ ಇರೋದು ಕುರ್ಚಿ ಕಾಲು ಮಾತ್ರ. ಕರಕರ ಕರಕರ...

ನಾನಾ? ನಾನೆಲ್ಲಿದ್ದೆ ಆವತ್ತು! ಕಳಸಕ್ಕೆ ನಿಶ್ಚಿತಾರ್ಥದ ಟ್ರಿಪ್ಪು ಅಂತ ಆಗಲೇ ಬರೆದಿದ್ನಲ್ಲ. ಊರಲ್ಲಿ ನಿನ್ನ ಮೊದಲ ಪ್ರೋಗ್ರಾಮು, ನಾನೇ ಇಲ್ಲ, ನನ್ನ ಹಣೆಬರಹ. ...ಕಾಗದದಲ್ಲಿ ಧರ್ಮಸ್ಥಳ ಅಂತ ಬರೆದಿದ್ನಾ? ಒಂಬತ್ತು ವರ್ಷದ ಹಿಂದಿನ ಕಾಗದ ಇನ್ನೂ ಇಟ್ಕೊಂಡಿದ್ದೀಯಾ? ...ಎಂಥ ಮನುಷ್ಯ ಮಾರಾಯ ನೀನು. ಧರ್ಮಸ್ಥಳಕ್ಕೂ ಹೋಗಿ ಕಳಸಕ್ಕೂ ಹೋದೆ ಅನ್ಕೋ. ಜೀಪು ನನ್ನದು, ಡೀಸೆಲ್ ನನ್ನದು.

'ಬಾಗಿಲಿಗೆ' ಬರ್ತೀನಿ. ಮೂರು. ಹೌದು, ಹತ್ತಕ್ಕೇ ಮೂರು! ಮುಖ ಹಾಗೆ ಮಾಡಬೇಡ, ಸಿಟ್ಟು ಬರಬೇಕಾದ್ದು ನನಗೆ. ನಮ್ಮ ಹಳೇ ಅಶ್ವಿನ್ ಎಲ್ಲಿ? ಹೊಟ್ಟೆನೋವು ಬಂದವನ ಹಾಗೆ ಕೂಗೋನು ಎಲ್ಲಿ? ಈ ಕ್ಯಾಸೆಟ್ಟಲ್ಲಿ ನೀನು ನೆಂಟರ ಮನೇಲಿ ರಾತ್ರಿ ನೀರು ಕೇಳೋ ಹಾಗೆ ಹಾಡ್ತೀಯ. ಗಿಟಾರು ಶುರುವಾಗ್ತದೆ, ಈಗ ಏರ್ತಾನೆ, ಈಗ ಏರ್ತಾನೆ ಅಂತ ನಾನು ಸ್ಟೇರಿಂಗ್ ಬಿಗಿ ಹಿಡ್ಕೊಂಡ್ರೆ... ಇಲ್ಲ! ಅಲ್ಲೇ ಇಳಿದುಬಿಡ್ತೀಯ. ಮೂರು ನಿಮಿಷ ಆಗೋ ಮೊದಲೇ ಹಾಡು ಮುಗಿಸ್ತೀಯ, ಜನ ಏಳೋ ಮೊದಲು ನಾನೇ ಎದ್ದುಬಿಡ್ತೀನಿ ಅನ್ನೋ ಹಾಗೆ. ಹಾಡೋವಾಗ ನಿನ್ನ ಕಣ್ಣು ಬಾಗಿಲ ಮೇಲೆ ಇತ್ತು ಅಶ್ವಿನ್. ಸ್ಟುಡಿಯೋದಲ್ಲಿ! ಅಲ್ಲಿ ಯಾರು ಎದ್ದು ಹೋಗ್ತಾರೋ, ಫ್ಯಾನಾ? ಕೇಳಿದ್ರೆ ಗೊತ್ತಾಗ್ತದೆ ಮಾರಾಯ. ಕ್ಯಾಸೆಟ್ಟಿಗೂ ಕಣ್ಣು ಇರ್ತದೆ.

ಇನ್ನು ಐದನೇದು, 'ಬೆಂಗಳೂರು ಲೈವ್'. ಎರಡು ಸಾವಿರದ ಎರಡು. ಅದನ್ನ ಕೇಳಿದಾಗ ಈ ಡೆಕ್ಕನ್ನೇ ಕಿತ್ತು ಭದ್ರಾ ಹೊಳೆಗೆ ಎಸೀಬೇಕು ಅನ್ನಿಸ್ತು. ಹಾಡು ಚೆನ್ನಾಗಿದೆ, ಜನ ಕಿರುಚ್ತಿದ್ದಾರೆ, ಸಾವಿರ ಜನ ಇರಬೇಕು. ನೀನು ಪ್ರತಿ ಹಾಡು ಮುಗಿದ ಕೂಡಲೇ ಏನಂತೀಯಾ? 'ಎಲ್ಲರೂ ಇದ್ದೀರಾ?' ಮೊದಲನೇ ಸಲ ಸರಿ. ಎರಡನೇ ಸಲ ಸರಿ. ಒಂಬತ್ತು ಸಲ! ನಾನು ಎಣಿಸಿದ್ದೀನಿ. ಒಂಬತ್ತು ಹಾಡು, ಒಂಬತ್ತು 'ಇದ್ದೀರಾ'. ಇದ್ದಾರೋ, ಟಿಕೆಟ್ ತಗೊಂಡು ಬಂದಿದ್ದಾರೆ, ಎಲ್ಲಿಗೆ ಹೋಗ್ತಾರೆ! ತೋಟದಲ್ಲಿ ಆಳುಗಳ ಹಾಜರಿ ಕರೆಯೋ ರೈಟರ ಹಾಗೆ... ರಾಕ್ ಹಾಡೋನು ಜನರನ್ನ ಹೆದರಿಸಬೇಕು, ಜನರಿಗೆ ಹೆದರಬಾರದು. ಎರಡು ಮಾರ್ಕ್ಸು. ಅದೂ ಡ್ರಮ್ಮಿಗೆ.

...

ಆಚೆ ಏನು ನೋಡ್ತೀಯ ಮಾರಾಯ? ಜಾಸ್ತಿ ಅಂದ್ನಾ?

ಇಂಜಿನ್ ಕಾದಿದೆ, ಒಂದು ನಿಮಿಷ ನಿಲ್ಲಿಸ್ತೀನಿ. ಬಾಳೂರು ಏರು ಅಲ್ವಾ, ರೇಡಿಯೇಟರಿಗೆ ನೀರು ಕುಡಿಸದೆ ಹೋದ್ರೆ ಮುಂದೆ ನಡೆಯಲ್ಲ ಈ ಮುದುಕ. ನೀನು ಕೂತಿರು. ಏನೋ ಹೇಳಬೇಕು ಅಂದ್ಯಲ್ಲ, ಹೇಳು, ನೀರು ಹಾಕ್ತಾನೇ ಕೇಳ್ತೀನಿ.

...ಅರ್ಪಣೆಯಾ? ಸಿ.ಡಿ. ಮೇಲೆ? ಹೂಂ, ಹಾಕು. ಅಪ್ಪ ಅಮ್ಮನ ಹೆಸರು ಹಾಕು... ಅಲ್ವಾ? ಮತ್ತೆ ಯಾರಿಗೆ?

ಯಾವ ಚಪ್ಪಾಳೆ?

ಓ, ಅದಾ. 'ಇನ್ನೂರು ಕುರ್ಚಿ' ಕೊನೇಲಿ... ಎಲ್ಲ ಹೋದ್ಮೇಲೆ ಒಬ್ಬ ಹೊಡೀತಾನಲ್ಲ. ಅದನ್ನ ಹುಡುಕ್ಕೊಂಡು ಬಂದ್ಯಾ ನೀನು? ಅದಕ್ಕೇ ಬಂದಿದ್ದಾ?! ಹುಚ್ಚಾ ನಿನಗೆ? ಯಾರೋ ಕುಡುಕ. ಕುರ್ಚಿಯಿಂದ ಏಳೋಕೆ ಆಗಿರಲ್ಲ. ಇಲ್ಲಾ ಟೀ ತಂದಿದ್ದ ಭಾಗಮ್ಮ ಲೋಟ ಜೋಡಿಸಿಕೊಂಡಿರಬೇಕು... ಲೋಟ ಹಾಗೆ ಸದ್ದು ಮಾಡಲ್ವಾ? ಮಾಡ್ತದೆ ಮಾಡ್ತದೆ, ಸ್ಟೀಲ್ ಲೋಟ.

ಬೇಡ, ಹಾಕಬೇಡ ಅದನ್ನ. ಡೆಕ್ಕು ರೀಲು ತಿಂತದೆ. ಅಶ್ವಿನ್, ಹಾಕಬೇಡ ಅಂದೆ... ಸರಿ, ಹಾಕು. ನಿನ್ನ ಕ್ಯಾಸೆಟ್ಟು.

ಕೇಳು, ಇಲ್ಲೇ ಶುರು. ಹಿಂದಿನ ಬಾಗಿಲ ಹತ್ತಿರ ಒಂದು ಮೈಕ್ ಇಟ್ಟಿದ್ರಲ್ಲ, ಅದಕ್ಕೇ ಹೊರಗಿನದ್ದೂ ಕೇಳ್ತದೆ. ಇದು ಮಂಜಯ್ಯನವರ ವಿಲ್ಲೀಸ್ ಜೀಪು, ಪೆಟ್ರೋಲು, ನೋಡು ಕೆಮ್ಮೋದು. ಇದು ಗುರುವಯ್ಯನವರದ್ದು, ಸೈಲೆನ್ಸರ್ ತೂತು. ಇದು ಚಿಕ್ಕಯ್ಯನವರ ಜೀಪು... ತಳ್ಳಿ ಸ್ಟಾರ್ಟ್ ಮಾಡ್ತಿದ್ದಾರೆ. ಹ್ಹ ಹ್ಹ! ಸೂಟು ಹಾಕ್ಕೊಂಡು ಬಂದೋರು ಜೀಪು ತಳ್ಳೋದು... ಅಲ್ಲ, ಸೂಟು ಅಂತ ಭಾಗಮ್ಮ ಹೇಳಿದ್ದು ನಂಗೆ.

ಈಗ ಖಾಲಿ. ನೀನೊಬ್ಬನೇ. ಗಿಟಾರು ನಿಲ್ಲಿಸಿಬಿಟ್ಟಿದ್ದೀಯ, ಬರೀ ಗಂಟಲು. ...ನಡುಗ್ತದೆ. ಆದ್ರೂ ಬಿಡಲಿಲ್ಲ ನೀನು.

ಬಂತು. ಚಪ್ಪಾಳೆ.

ಏನಂದೆ? ತಾಳ ತಪ್ಪಿದೆಯಾ? ಯಾವನೋ ಪಾಪದವನು, ಕರುಣೆಗೆ ಹೊಡೆದದ್ದಾ? ಏ, ಸುಮ್ನಿರು! ಕಿವಿ ಇದೆಯಾ ನಿನಗೆ? ಸರಿಯಾಗಿ ಕೇಳು, ಹಾಡು ಮುಗಿಯೋ ತನಕ ಕಾದು, ನೀನು ಉಸಿರು ತಗೊಂಡ ಮೇಲೆ ಹೊಡೀತಾನೆ. ಹನ್ನೊಂದು ಹೊಡೆತ, ಒಂದರ ಹಾಗೇ ಇನ್ನೊಂದು. ಕರುಣೆಗೆ ಹೊಡೆಯೋನು ಕೂತಲ್ಲಿಂದ ಹೊಡೀತಾನೆ. ಇವನು ಎದ್ದು ನಿಂತು, ತಲೆ ಮೇಲೆ ಕೈ ಎತ್ತಿ ಹೊಡೆದಿದ್ದು! ಅಂಗೈ ಎರಡು ದಿನ ಉರೀತಿತ್ತು ನನ...

...

ಏನು ನೋಡ್ತೀಯಾ? ಕೈ ಬಿಡು, ಗ್ರೀಸ್ ಇದೆ. ...ಹೌದು. ಆಯ್ತು, ಹೌದು! ನಾನೇ. ಕಳಸಕ್ಕೂ ಹೋಗಿಲ್ಲ, ಧರ್ಮಸ್ಥಳಕ್ಕೂ ಹೋಗಿಲ್ಲ. ಮಂಜಯ್ಯನವರ ಹಿಂದಿನ ಸಾಲಲ್ಲಿ ಕೂತಿದ್ದೆ. ನಿನ್ನ ಕಣ್ಣಿಗೆ ಲೈಟು, ಮಟಮಟ ಮಧ್ಯಾಹ್ನ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿದ್ದೆ ನೀನು, ನಿನಗೆಲ್ಲಿ ಕಾಣ್ತದೆ? ಹೇಳಲಿಲ್ಲ... ಯಾಕೆ ಹೇಳಲಿಲ್ಲ ಅಂದ್ರೆ... ನಾಚಿಕೆ ಅನ್ಕೋ.

ಥೂ, ಅಳ್ತೀಯಾ? ನಲವತ್ತೈದು ವರ್ಷದವನು! ಬಿಡೋ, ಯಾರಾದ್ರೂ ನೋಡ್ತಾರೆ. ಅಲ್ಲಿ ಕಣದಲ್ಲಿ ಕಾಫಿ ಆಡಿಸ್ತಿರೋ ಹೆಂಗಸರು ಈ ಕಡೆನೇ ನೋಡ್ತಿದ್ದಾರೆ. ...ನನ್ನ ಹೆಸರಾ? ಸಿ.ಡಿ. ಮೇಲೆ? 'ಕೊನೆವರೆಗೂ ಕೂತ ಒಬ್ಬ ದಾಸಯ್ಯನಿಗೆ'... ಹ್ಹೆ. ಬೇಡ ಮಾರಾಯ. ಅಷ್ಟೇನಿಲ್ಲ. ...ಫೋಟೋ ಬೇಡ. ಹೆಸರು... ಹೆಸರು ಬೇಕಾದ್ರೆ ಸಣ್ಣದಾಗಿ ಹಾಕು.

ಕೇಳು ಇಲ್ಲಿ. ಕಣ್ಣೊರೆಸ್ಕೋ. ಇಷ್ಟು ವರ್ಷ ಏನೇನೋ ತಲೇಲಿ ಇಟ್ಕೊಂಡಿದ್ದೀಯ. ಊರಿನವರಿಗೆ ನಾನು ಬೇಡವಾದೆ, ನನ್ನ ಹಾಡು ಕೇಳಕ್ಕಾಗದೆ ಎದ್ದು ಹೋದ್ರು ಅಂತ. ಹಂಗೇನಿಲ್ಲ ಮಾರಾಯ! ಅವರ ತಪ್ಪೇನಿದೆ? ಮಂಜಯ್ಯನವರು ಕಾಲು ಕುಣಿಸ್ತಿದ್ರು, ನಾನೇ ನೋಡಿದ್ದು. ನಿನ್ನ ಹಾಡಿಗೆ ಅಲ್ಲ ಅವರು ಎದ್ದಿದ್ದು. ಎಲ್ಲರದ್ದೂ ಕಣದಲ್ಲಿ ಕಾಫಿ, ಮಳೆ ಅಂದ್ಮೇಲೆ ಯಾರು ಕೂರ್ತಾರೆ ಹೇಳು?

...ಮಳೆ ಕಣೋ. ಬಾಳೂರ್ ಕಡೆ ಮಳೆ ಬಂತು ಅಂತ ಸುದ್ದಿ ಬಂತು, ಎಲ್ಲ ಓಡಿದ್ರು. ಅಷ್ಟೇ ವಿಷಯ. ನಿನಗೆ ಖುಷಿ ಆಗಬೇಕು.

ಗೊತ್ತಿರಲಿಲ್ವಾ ನಿನಗೆ?

ಹೌದಲ್ಲ... ಯಾರು ಹೇಳ್ತಾರೆ. ನೀನು ಅಲ್ಲಿಂದಲೇ ವ್ಯಾನ್ ಹತ್ತಿ ಹೋದೆ. ಅಪ್ಪ ತೀರಿಕೊಂಡು ಮನೆ ತೋಟ ಎಲ್ಲ ಕೊಟ್ಟಾಗಿತ್ತು, ಇಲ್ಲಿ ನಿನಗೆ ಕಾಗದ ಬರೆಯೋನು ನಾನೊಬ್ಬನೇ. ನಾನು ಬರೆದಿದ್ದು... 'ನಮ್ಮ ಜನಕ್ಕೆ ನಿನ್ನ ಹಾಡು ಹಿಡಿಸಲಿಲ್ಲ, ಬೇಜಾರು ಮಾಡ್ಕೋಬೇಡ' ಅಂತ. ಹಾಂ. ಹಾಗೇ ಬರೆದೆ. ಮಳೆ ವಿಷಯ ಬರೆಯೋಕೆ... ಮರೆತೆ. ಇನ್‌ಲ್ಯಾಂಡ್ ಲೆಟರಲ್ಲಿ ಜಾಗ ಎಲ್ಲಿರ್ತದೆ?

ನಗು ಮಾರಾಯ. ಇಷ್ಟೊತ್ತು ನಗ್ತಿದ್ದೆ.

ಯಾಕೆ ಹಾಗೆ ನೋಡ್ತೀಯ?

ನಂದೂ ಕಾಫಿ ಇತ್ತು ಕಣದಲ್ಲಿ. ಹೂಂ, ಆ ವರ್ಷಾನೂ ಹರಡಿದ್ದೆ... ಅದನ್ನೇ ತಾನೇ ಯೋಚಿಸ್ತಿರೋದು ನೀನು? ಕರವಸ್ತ್ರದಷ್ಟು ಮೋಡಕ್ಕೆ ಓಡೋನು ಆವತ್ತು ಯಾಕೆ ಓಡಲಿಲ್ಲ ಅಂತ. ಸ್ನೇಹ! ಸ್ನೇಹಕ್ಕೆ ಕೂತೆ ಅಂತ ಇಟ್ಕೋಬಾರದಾ? ...ಬೈಕ್ಕೊಂಡು ಆದ್ರೂ ಏನಾದ್ರೂ ಹೇಳು. 'ಸುಳ್ಳಾ?' ಅಂತ ಕೇಳು. ಆಗಿಂದ ಕೇಳ್ತಿದ್ಯಲ್ಲ, ಈಗ ಕೇಳು...

ಮಳೆ ಇರಲಿಲ್ಲ.

ಮಳೆ ಇಲ್ಲ ಅಂತ ಇನ್ನೂರು ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಸಾಕಾ?

ನಿನ್ನ ಡ್ರಮ್ಮಿನವನು ಒಬ್ಬನೇ ಬಾರಿಸೋಕೆ ಶುರು ಮಾಡಿದ ನೋಡು, ಧಡಧಡ ಅಂತ, ಹಾಲೆಲ್ಲ ಕತ್ತಲೆ. ಥೇಟ್ ಗುಡುಗು! ನನಗೆ ಬಾಯಿ ತಡೀಲಿಲ್ಲ. ಮುಂದಕ್ಕೆ ಬಗ್ಗಿ ಮಂಜಯ್ಯನವರ ಕಿವೀಲಿ ಅಂದೆ, 'ಗುಡುಗು ಕೇಳ್ತಾ ಅಯ್ಯಾ? ಬಾಳೂರ್ ಕಡೆ ಹಿಡಿದಿದೆಯಂತೆ.' ಅಷ್ಟೇ ಅಂದಿದ್ದು. ಅವರು ಎದ್ದು ಬಾಗಿಲಿಗೆ ಹೋಗ್ತಾರೆ, ಬಿಸಿಲು ನೋಡ್ತಾರೆ, ನನಗೆ ಬೈಕೊಂಡು ಬಂದು ಕೂರ್ತಾರೆ, ಆಮೇಲೆ ನಾನು ನೀನು ಸೇರಿ ನಗೋದು ಅಂತ... ಆದ್ರೆ ಅವರು ಪಕ್ಕದವರಿಗೆ ಹೇಳಿದ್ರು. ಆ ಪಕ್ಕದವರು ಇನ್ನೊಬ್ಬರಿಗೆ. ಬಣಕಲ್ಲಲ್ಲಿ ಬಿಸಿಲಿದ್ರೆ ಬಾಳೂರಲ್ಲಿ ಮಳೆ ಇಲ್ಲ ಅಂತಲ್ಲ, ಇದು ಇಲ್ಲಿಯವರಿಗೆಲ್ಲ ಗೊತ್ತಿರೋದೇ. ಸುಳ್ಳು ಅಂತ ಕೂಗೋಣ ಅಂತ ಎದ್ದೆ. ಎದ್ದು ನಿಂತೆ. ಬಾಯಿ ಬರಲಿಲ್ಲ. ಇನ್ನೂರು ಜನ ನನ್ನನ್ನ ಸೀಳಿ ಹಾಕ್ತಿದ್ರು. ...ಹಾಗೇ ನಿಂತಿದ್ದೆ, ನೀನು ಹಾಡು ಮುಗಿಸಿದೆ.

ಮಳೆ ಸುಳ್ಳು ಮಾರಾಯ. ಚಪ್ಪಾಳೆ ಅಲ್ಲ.

ಅಶ್ವಿನ್?

'ಬಾಗಿಲಿಗೆ' ಮೂರು ಅಂದೆ... ಅದು ನಾನು... ಐದು ಮಾಡೋಣ. ಮಾರ್ಕ್ಸು ಬಿಡು, ಅದೆಲ್ಲ ಬಾಯಿಗೆ ಬಂದಿದ್ದು.

ಎಲ್ಲಿಗೆ? ಇಲ್ಲಿ ಎಲ್ಲಿ ಇಳೀತೀಯಾ, ಬಸ್ಸೂ ಇಲ್ಲ, ಊರೂ ಇಲ್ಲ. ಬಾಗಿಲು ಎತ್ತಿ ಎಳೀಬೇಕು... ಓ, ತೆಗೆಯೋಕೆ ಬರ್ತದೆ ನಿನಗೆ.

...ಹಿಂದೆ ಯಾಕೆ ಹತ್ತುತೀಯಾ? ಅಲ್ಲಿ ಪ್ಯಾಸೆಂಜರ್ ಕೂರೋದು ಮಾರಾಯ. ಮುಂದೆ ಬಾ. ಧೂಳು ಹೊಡೀತದೆ ಅಲ್ಲಿ. ...ಸರಿ. ಕೂತ್ಕೋ. ಅಲ್ಲೇ ಕೂತ್ಕೋ. ಕಳಸದ ತನಕ ತಿರುವು ಜಾಸ್ತಿ, ಕಂಬಿ ಹಿಡ್ಕೋ.

ಹೊರಡ್ಲಾ?

ಹೊರಟೆ. ...ಕ್ಯಾಸೆಟ್ ಹಾಕ್ಲಾ? ಬೇಡ್ವಾ? ಬೇಡ.

ಹಿಂದೆ ನೋಡೋ ಕನ್ನಡಿ ಒಡೆದು ಆರು ತಿಂಗಳಾಯ್ತು, ನನಗೆ ಅಲ್ಲಿ ಏನೂ ಕಾಣಲ್ಲ. ತಿರುವಲ್ಲಿ ಮೆಲ್ಲಗೆ ಹೋಗ್ತೀನಿ, ಹಾರಿ ಗೀರಿ ಇಳಿಯೋಕೆ ಹೋಗಬೇಡ. ಒಂದು ಹೂಂ ಅನ್ನು ಸಾಕು. ಕೆಮ್ಮು ಬೇಕಾದ್ರೆ.

ಅಶ್ವಿನ್...

ಇದ್ದೀಯಾ?